ಮಲ್ಲಿಗಮ್ಮನ ತೂಕದ ಗನ್ನು

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಹೊಂಗೆ ಮರದ ಮಗ್ಗುಲಿಗೆ, ಚಲುವರಾಜುವಿನ ಪಂಕ್ಚರ್ ಅಂಗಡಿ ಇದೆ. ಅಂಗಡಿ ಎಂದ ತಕ್ಷಣ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ನಾಲ್ಕು ಕಲ್ಲುಕಂಬ, ಮೇಲೊಂದಿಷ್ಟು ತಗಡು, ಒಳಗೆ ಗಾಳಿ ತುಂಬುವ ಹಳೆಯ ಕಂಪ್ರೆಸರ್, ಹೊರಗೆ ಸವೆದ ಟೈರುಗಳ ಗುಡ್ಡೆ. ಬೋರ್ಡಿನ ಅಕ್ಷರ ಬಿಸಿಲಿಗೆ ಅಳಿಸಿಹೋಗಿ ಎಷ್ಟೋ ವರ್ಷವಾಯಿತು. ಮತ್ತೆ ಬರೆಸು ಎಂದು ಯಾರೂ ಹೇಳಿಲ್ಲ, ಯಾಕೆಂದರೆ ಬೋರ್ಡು ಓದಿಕೊಂಡು ಅಲ್ಲಿಗೆ ಯಾರೂ ಬರುವುದಿಲ್ಲ. ಕಬ್ಬಿನ ಲಾರಿಯವರಿಗೆ, ಎಳನೀರಿನ ಟೆಂಪೊದವರಿಗೆ, ಟ್ರ್ಯಾಕ್ಟರಿನವರಿಗೆ ಎಲ್ಲರಿಗೂ ಅದು 'ಗಂಡ-ಎಂಡ್ತಿ ಅಂಗಡಿ'.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಚಲುವರಾಜು ಕಡ್ಡಿಯಂಥ ಆಳು. ಉಣ್ಣುವುದರಲ್ಲಿ ಯಾರಿಗೂ ಕಮ್ಮಿಯಿಲ್ಲ, ಎರಡು ಮುದ್ದೆ ಲೀಲಾಜಾಲವಾಗಿ ಇಳಿಸುತ್ತಾನೆ, ಆದರೆ ಉಂಡದ್ದು ಎಲ್ಲಿಗೆ ಹೋಗುತ್ತದೆಂದು ಅವನನ್ನು ಹೆತ್ತವರಿಗೂ ಗೊತ್ತಾಗಲಿಲ್ಲ. ಅವನ ಹೆಂಡತಿ ಮಲ್ಲಿಗಮ್ಮನದು ತುಂಬಿದ ಮೈ. ನಡೆದು ಬಂದರೆ ಅಂಗಡಿಗೇ ಒಂದು ಗಾಂಭೀರ್ಯ. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವಳು ಬುತ್ತಿ ತಂದಾಗ ಚಲುವರಾಜು ಒಂದು ಲಾರಿಯ ಚಕ್ರದ ಮುಂದೆ ಒದ್ದಾಡುತ್ತಿದ್ದ. ಲಾರಿ ಚಕ್ರದ ನಟ್ಟು ಬಿಚ್ಚುವುದೆಂದರೆ ಬಾಯಿಮಾತಲ್ಲ. ಪಾನಕ್ಕೆ, ಅಂದರೆ ಸ್ಪ್ಯಾನರಿಗೆ, ನಾಲ್ಕಡಿ ಉದ್ದದ ಕಬ್ಬಿಣದ ಪೈಪು ತೂರಿಸಿ, ಪೈಪಿನ ತುದಿಗೆ ಮೈಭಾರವನ್ನೆಲ್ಲ ಬಿಡಬೇಕು. ಇವನು ಎರಡೂ ಕೈಯಲ್ಲಿ ಪೈಪು ಹಿಡಿದು ಕಾಲು ಮೇಲೆತ್ತಿ ನೇತಾಡುತ್ತಿದ್ದ. ನಟ್ಟು ಜಪ್ಪಯ್ಯ ಎನ್ನಲಿಲ್ಲ.

"ಒಸಿ ಸರ್ಕೊ ಅತ್ಲಾಗೆ," ಎಂದಳು ಹೊಸ ಹೆಂಡತಿ. "ಬಾವಲಿ ತರ ನೇತಾಕ್ಕಂಡ್ರೆ ನಟ್ಟು ಬತ್ತದಾ?"

ಬುತ್ತಿಯನ್ನು ಟೈರಿನ ಮೇಲಿಟ್ಟು, ಸೀರೆ ಸೆರಗನ್ನು ಸೊಂಟಕ್ಕೆ ಬಿಗಿದು, ಲಾರಿಯ ಮೈ ಹಿಡಿದುಕೊಂಡು ಪೈಪಿನ ಮೇಲೆ ಹತ್ತಿ ನಿಂತಳು. ನಟ್ಟು ಕಿರ್ರೆಂದು ಒಂದು ಸಲ ಕೂಗಿ ತಿರುಗಿಬಿಟ್ಟಿತು. ಅವತ್ತಿನಿಂದ ಅದೇ ಪದ್ಧತಿ. ಇವನು ಬಗ್ಗಿ ಪಾನ ಕೂರಿಸುವುದು, ಅವಳು ಹತ್ತಿ ನಿಲ್ಲುವುದು. "ಬಂತು" ಎಂದು ಇವನು ಕೂಗುವುದು, ಅವಳು ಇಳಿಯುವುದು. ತೀರಾ ಬಿಗಿಯಾಗಿದ್ದರೆ ಅವಳು ನಿಂತಲ್ಲೇ ಒಂಚೂರು ಜಗ್ಗಿಸುತ್ತಿದ್ದಳು, ಅಷ್ಟೆ. ಹಾಗೆ ನಿಂತು ನಿಂತೇ ಮನೆಗೆ ಹೆಂಚು ಬಂತು, ಮಗಳು ದೀಪಿಕ ಓದಿ ಮಳವಳ್ಳಿಯ ಒಂದು ಶಾಲೆಯಲ್ಲಿ ಟೀಚರಾದಳು. ಲಾರಿಯವರು ತಮಾಷೆ ಮಾಡುತ್ತಿದ್ದದ್ದು ನಿಜ. ಆದರೆ ಬೇರೆ ಕಡೆ ಬಗ್ಗದ ನಟ್ಟನ್ನು ಇಲ್ಲಿಗೇ ತರುತ್ತಿದ್ದದ್ದೂ ನಿಜ.

ಈ ವರ್ಷ ಯುಗಾದಿ ಕಳೆದ ಮೇಲೆ ಮಲ್ಲಿಗಮ್ಮ ಕುಂಟತೊಡಗಿದಳು. ಬಲಗಾಲ ಮಂಡಿ ಊದಿತ್ತು. ಮಂಡಿಗೆ ಮಂಡ್ಯವೇ ಸರಿ ಎಂದು ಪಕ್ಕದ ಟೀ ಅಂಗಡಿಯ ದೇವಿರಮ್ಮ ಹಾಸ್ಯ ಮಾಡುತ್ತಲೇ ಡಾಕ್ಟರ ವಿಳಾಸ ಕೊಟ್ಟಳು. ಡಾಕ್ಟರು ಎಕ್ಸ್‌ರೇ ಫೋಟೊ ತೆಗೆಸಿ ನೋಡಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಮಲ್ಲಿಗಮ್ಮ ಹೇಳಿದಳು. ಅವರು ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಂಡು, ಇನ್ನು ಆ ಪೈಪು ಹತ್ತಿದರೆ ಈ ಕಾಲಲ್ಲಿ ನಡೆಯುವ ಆಸೆ ಬಿಡಿ ಎಂದು ಖಡಾಖಂಡಿತವಾಗಿ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಚಲುವರಾಜು ಅವಳ ಮಂಡಿಯನ್ನೇ ನೋಡುತ್ತಾ ಕೂತ. ಅವಳೇ ಸಮಾಧಾನ ಹೇಳಿದಳು. "ಡಾಕ್ಟ್ರು ಅಂದ್ಮೇಲೆ ಎದ್ರಿಸ್ತಾರೆ ಕಣಯ್ಯ. ಈಗ್ ಒಂದೆರಡು ತಿಂಗ್ಳಿಂದ ಒಸಿ ನೋವು, ಅಷ್ಟೆಯಾ."

ಅವಳ ಬುದ್ಧಿ ಅವನಿಗೆ ಗೊತ್ತಿಲ್ಲವೆ? ಮಾರನೆಯ ದಿನವೇ ಒಂದು ಇಟ್ಟಿಗೆ ಲಾರಿ ಬಂದು ನಿಂತಾಗ ಅವಳು ಸೆರಗು ಬಿಗಿಯುತ್ತಾ ಎದ್ದಳು. ಚಲುವರಾಜು ಪೈಪನ್ನೇ ಕಿತ್ತುಕೊಂಡು ಬೇಲಿಯಾಚೆ ಎಸೆದು, ಆ ಲಾರಿಯನ್ನು ಬೇರೆ ಕಡೆಗೆ ಕಳಿಸಿದ. ಹೀಗೆ ಎಷ್ಟು ಲಾರಿ ಕಳಿಸುವುದು? ಲಾರಿ ತಪ್ಪಿದರೆ ಅಂಗಡಿಯಲ್ಲಿ ಉಳಿಯುವುದು ಸೈಕಲ್ಲು, ಸ್ಕೂಟರು. ಅದನ್ನು ನೋಡಿಕೊಂಡು ಅವಳು ಸುಮ್ಮನೆ ಕೂರುವವಳಲ್ಲ. ಇವನು ಊರೊಳಗೆ ಹೋದ ಹೊತ್ತು ನೋಡಿ ಪೈಪು ಹತ್ತಿಯೇ ಹತ್ತುತ್ತಾಳೆ. ಅವಳ ಜಾಗದಲ್ಲಿ ನಿಲ್ಲುವಂಥದ್ದು ಏನಾದರೂ ಅಂಗಡಿಗೆ ಬರಬೇಕು, ಅದು ಅವಳಷ್ಟೇ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಹೆಂಡತಿಯ ಕಾಲು ಉಳಿಯುವುದಿಲ್ಲ. ಇಷ್ಟು ಅವನಿಗೆ ಸ್ಪಷ್ಟವಾಯಿತು.

ಅಂಥದ್ದೊಂದು ಇದೆ ಎಂದು ಅವನಿಗೆ ಗೊತ್ತಿತ್ತು. ದೊಡ್ಡ ಶೋರೂಮುಗಳಲ್ಲಿ ನೋಡಿದ್ದ. ಪಿಸ್ತೂಲಿನ ಆಕಾರ, ಮೂತಿಗೆ ನಟ್ಟು ಹಿಡಿಯುವ ಸಾಕೆಟ್ಟು ಸಿಕ್ಕಿಸಿ ಬೆರಳಿನ ಕುದುರೆ ಒತ್ತಿದರೆ ಒಳಗಿನಿಂದಲೇ ಸುತ್ತಿಗೆ ಬಡಿದ ಹಾಗೆ ಟರಟರನೆ ಬಡಿದು ನಟ್ಟು ಬಿಚ್ಚುತ್ತದೆ. ಅದರ ಕಂಪನಿ ಹೆಸರು ಏನೇ ಇರಲಿ, ಕೆಲಸದವರ ಬಾಯಲ್ಲಿ ಅದು ಗನ್ನು. ಗಾಳಿಯಲ್ಲಿ ನಡೆಯುವ ಗನ್ನೂ ಉಂಟು, ಆದರೆ ಅದನ್ನು ಎಳೆಯುವ ತಾಕತ್ತು ಇವನ ಮುದಿ ಕಂಪ್ರೆಸರಿಗಿಲ್ಲ. ಕರೆಂಟು ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಹೇಳುವವರಿಲ್ಲ. ಗದ್ದೆ ಬದಿಯಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿನ ಹತ್ತಿರಕ್ಕೆ ಗಾಳಿ ಪೈಪು ಎಳೆದುಕೊಂಡು ಹೋಗಲಾದೀತೆ? ಹಾಗಾಗಿ ಬ್ಯಾಟರಿಯದೇ ಆಗಬೇಕು ಎಂದು ತೀರ್ಮಾನಿಸಿದ. ದುಡ್ಡಿನ ಮಾತು ಬಿಡಿ, ಅದು ಹೇಗೋ ಒದಗಿತು.

ಮಂಡ್ಯದಲ್ಲಿ ಹಾರ್ಡ್‌ವೇರ್ ಅಂಗಡಿಗಳಿಗೇನು ಬರ. ಚಲುವರಾಜು ಹೋದದ್ದು ರಾಮಾನುಜ ಅಯ್ಯಂಗಾರರ ಅಂಗಡಿಗೆ. ಅಯ್ಯಂಗಾರರು ಈಗ ಮನೆಯಲ್ಲೇ ಇರುತ್ತಾರೆ, ಗಲ್ಲಾಪೆಟ್ಟಿಗೆಯ ಮುಂದೆ ಮಗಳು ರಂಜನಿ ಕೂರುತ್ತಾಳೆ. ಹಣೆಗೆ ಕುಂಕುಮ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಗ್ರೀಸು. ಗನ್ನು ಮಾರುವುದಷ್ಟೇ ಅಲ್ಲ, ಬಿಚ್ಚಿ ರಿಪೇರಿಯನ್ನೂ ಮಾಡುತ್ತಾಳೆ.

"ಬನ್ನಿ ಯಜಮಾನ್ರೆ, ಏನು ಬೇಕಿತ್ತು?"

"ಗನ್ನು ಬೇಕಾಗಿತ್ತು ಕಣವ್ವ. ನಟ್ಟು ಬಿಚ್ಚೋದು, ಬ್ಯಾಟ್ರೀದು."

"ಯಾವ ಗಾಡಿಗೆ?"

"ಎಲ್ಲಾ ಗಾಡೀಗೂವೆ. ಅದ್ರಲ್ಲೂ ಲಾರೀಗೆ."

ರಂಜನಿ ಮೂರು ಗನ್ನು ತಂದು ಸಾಲಾಗಿ ಇಟ್ಟಳು. ಚಿಕ್ಕದು ಕೈಗೆ ಹಗುರ, ಕಾರಿಗೆ ಬಂಗಾರ, ಲಾರಿ ಕಂಡರೆ ಅಳುತ್ತದೆ ಎಂದಳು. ನಡುವಿನದು ಅರ್ಧ ಇಂಚಿನ ಮೂತಿಯದು, ಅದರಲ್ಲೇ ಜೋರಿನದು. ಕೊನೆಯದು ಮುಕ್ಕಾಲು ಇಂಚಿನದು, ಎತ್ತಿ ನೋಡಿದರೆ ಕುರಿಮರಿ ಎತ್ತಿದ ಹಾಗಿತ್ತು. ಪೆಟ್ಟಿಗೆಯ ಮೇಲೆಲ್ಲ ನ್ಯೂಟನ್ ಮೀಟರ್ ಎಂದು ಏನೇನೋ ನಂಬರು. ಚಲುವರಾಜು ಒಂದರ ಮುಖ ಇನ್ನೊಂದರ ಮುಖ ನೋಡಿದ.

"ಈ ನಂಬರು ಏನು ಅಂದ್ರೆ, ನಟ್ಟನ್ನ ತಿರುಗಿಸೋ ಜೋರು," ಎಂದಳು ರಂಜನಿ. "ಆದ್ರೆ ಪೆಟ್ಟಿಗೆ ಮೇಲಿನ ನಂಬರು ಹೆಣ್ಣಿನ ಮನೆಗೆ ಕಳಿಸಿದ ಗಂಡಿನ ಫೋಟೊ ಇದ್ದ ಹಾಗೆ. ದಿನಾ ಅಷ್ಟು ಚೆನ್ನಾಗಿರಲ್ಲ. ಅದಿರಲಿ, ಇಷ್ಟು ದಿನ ಲಾರಿ ನಟ್ಟು ಯಾವುದರಿಂದ ಬಿಚ್ತಿದ್ರಿ?"

"ನಮ್ ಎಂಡ್ತಿಯಿಂದ."

ರಂಜನಿ ಕನ್ನಡಕ ತೆಗೆದು ಅವನನ್ನು ನೋಡಿದಳು. ಚಲುವರಾಜು ಪೈಪಿನ ವಿಷಯ, ಮಂಡಿಯ ವಿಷಯ ಎಲ್ಲ ಬಿಡಿಸಿ ಹೇಳಿದ. ಅವಳು ನಗಲಿಲ್ಲ. ಕ್ಯಾಲ್ಕುಲೇಟರ್ ಮುಂದಕ್ಕೆಳೆದುಕೊಂಡು, "ಹಾಗಾದರೆ ಲೆಕ್ಕ ಸುಲಭವಾಯ್ತು. ಪೈಪಿನ ಉದ್ದ, ಮೇಲೆ ನಿಂತವರ ಭಾರ, ಎರಡೂ ಗೊತ್ತಾದ್ರೆ ಎಷ್ಟು ಜೋರು ಬೇಕು ಅಂತ ಹೇಳ್ಬಹುದು. ಪೈಪು ನಾಲ್ಕಡಿ ಅಂದ್ರಿ. ಮನೆಯವರ ತೂಕ ಎಷ್ಟು?" ಎಂದಳು.

ಕಟ್ಟಿಕೊಂಡು ಇಷ್ಟು ಕಾಲವಾಗಿ ಹೆಂಡತಿಯ ತೂಕ ತಿಳಿಯದ ಗಂಡ ಫೋನು ತೆಗೆದ.

"ಅಮ್ಮಿ, ನಿನ್ ತೂಕ ಎಸ್ಟು?"

"ಏನಂದೆ?"

"ತೂಕ ಕಣಮ್ಮಿ. ಎಸ್ಟು ಕೇಜಿ ಇದ್ದೀಯೆ ಅಂತ."

"ಮಂಡ್ಯಕ್ಕೋಗಿ ತಲೆಗಿಲೆ ಕೆಟ್ಟೋಯ್ತಾ ನಿಂಗೆ?"

"ಗನ್ನಿಗೆ ಬೇಕು. ಇಲ್ಲಿ ಅಂಗ್ಡಿಯವ್ವ ಕೇಳ್ತಾವ್ರೆ."

"ನನ್ ತೂಕ ಕಟ್ಕಂಡು ಆವಮ್ಮಂಗೆ ಏನಾಗ್ಬೇಕಂತೆ?"

"ಏಳಮ್ಮಿ ಸುಮ್ಕೆ, ನಿನ್ ಕಾಲಿಗೋಸ್ಕರನೆಯಾ ಇದೆಲ್ಲ."

ಆ ಕಡೆ ಅವಳ ಹಿಂದುಗಡೆ ಯಾರೋ ಕಿಸಕ್ಕೆಂದ ಸದ್ದು. "ಅರ್ವತ್ತು," ಎಂದಳು ಮಲ್ಲಿಗಮ್ಮ. "ಅರ್ವತ್ತೇಯಾ. ಮಡಗು ಫೋನ."

ಅರವತ್ತು ಕೇಜಿ, ನಾಲ್ಕಡಿ. ರಂಜನಿ ಗುಣಿಸಿ ನೋಡಿ, ಸುಮಾರು ಏಳುನೂರು ಎಂದಳು. ನಡುವಿನ ಗನ್ನಿನ ಮೇಲೆ ಅದಕ್ಕಿಂತ ಒಂದಿಷ್ಟು ಹೆಚ್ಚಿಗೇ ಬರೆದಿತ್ತು. "ಆದ್ರೂ ಯಜಮಾನ್ರೆ, ಲಾರಿಗೆ ಅಂತಿದ್ರೆ ಮುಕ್ಕಾಲು ಇಂಚಿಂದೇ ತಗೊಳ್ಳಿ ಅಂತೀನಿ ನಾನು. ತುಕ್ಕು ಹಿಡಿದ ನಟ್ಟು ಯಾರ ಲೆಕ್ಕಕ್ಕೂ ಬಗ್ಗಲ್ಲ."

ಚಲುವರಾಜು ದೊಡ್ಡ ಗನ್ನನ್ನು ಮತ್ತೊಮ್ಮೆ ಎತ್ತಿ ನೋಡಿದ. ಮಣಿಕಟ್ಟು ತಾಳಲಿಲ್ಲ, ಕೆಳಗಿಟ್ಟ. ನಡುವಿನದನ್ನು ಎತ್ತಿದ. ಹಿತವಾಗಿತ್ತು. "ಬ್ಯಾಡ ಕಣವ್ವ. ಅವಳ ಅರ್ವತ್ತು ಕೇಜಿಗೆ ಬಗ್ಗಿದ್ದು ಇದ್ಕೆ ಬಗ್ಗಾಕಿಲ್ವಾ? ಇದೇ ಕೊಟ್ಬುಡಿ."

"ಆಯ್ತು. ಗೀರು ಬೀಳದ ಹಾಗೆ ಬಳಸಿ ನೋಡಿ. ಸಾಲದೆ ಹೋದ್ರೆ ತನ್ನಿ, ಬದಲಾಯಿಸಿ ಕೊಡ್ತೀನಿ," ಎಂದಳು ರಂಜನಿ. ಎರಡು ಬ್ಯಾಟರಿ ಇಟ್ಟಳು, ಒಂದು ಕೆಲಸ ಮಾಡುವಾಗ ಇನ್ನೊಂದು ಚಾರ್ಜಾಗಲಿ ಎಂದು. ಹೊಳೆಯುವ ಬಿಳಿ ಸಾಕೆಟ್ಟನ್ನು ಗನ್ನಿಗೆ ಹಾಕಕೂಡದು, ಒಡೆದು ಮುಖಕ್ಕೆ ಹಾರುತ್ತದೆ ಎಂದು ಹೇಳಿ, ದಪ್ಪನೆಯ ಕರಿ ಸಾಕೆಟ್ಟುಗಳನ್ನೇ ಕೊಟ್ಟಳು. ಚಲುವರಾಜು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಏನದು ಎಂದು ಪಕ್ಕದವನು ಕೇಳಿದ್ದಕ್ಕೆ "ಗನ್ನು" ಎಂದ. ಆ ಮನುಷ್ಯ ಗೆಜ್ಜಲಗೆರೆಯಲ್ಲಿ ಇಳಿಯುವ ತನಕ ಮತ್ತೆ ತುಟಿ ಬಿಚ್ಚಲಿಲ್ಲ.

ಗನ್ನು ಬಂದ ಮಾರನೆಯ ದಿನ ಬೆಳಿಗ್ಗೆಯೇ ಸಿದ್ದೇಶನ ಲಾರಿ ಬಂತು. ಸಿದ್ದೇಶ ಕಾರ್ಖಾನೆಗೆ ಕಬ್ಬು ಹೊಡೆಯುವ ಡ್ರೈವರು, ಗಂಡ-ಹೆಂಡತಿ ಅಂಗಡಿಯ ಖಾಯಂ ಗಿರಾಕಿ, ಬಾಯಿ ಜೋರು, ಮನಸ್ಸು ಒಳ್ಳೆಯದು. ಹಿಂದಿನ ಚಕ್ರ ಕೂತಿತ್ತು. ದೇವಿರಮ್ಮ ಟೀ ಬಿಟ್ಟು ನೋಡಲು ಬಂದಳು. ಮಲ್ಲಿಗಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಗಾಲು ಚಾಚಿಕೊಂಡು ಕೂತಿದ್ದಳು. ಚಲುವರಾಜು ಗನ್ನಿಗೆ ಕುಂಕುಮವಿಟ್ಟು ಕೈಮುಗಿದು, ಮೊದಲನೆಯ ನಟ್ಟಿಗೆ ಹಿಡಿದು ಒತ್ತಿದ. ಟರ್ರೆಂದಿತು, ನಟ್ಟು ಉದುರಿತು. ಎರಡನೆಯದೂ ಬಂತು. ದೇವಿರಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಚಲುವರಾಜು ಹೆಂಡತಿಯ ಕಡೆ ನೋಡಿ ನಕ್ಕ. ಅವನ ಜನ್ಮದಲ್ಲಿ ಅಷ್ಟು ಖುಷಿಯಾದ ದಿನ ಬಹಳ ಇರಲಿಲ್ಲ.

ಮೂರನೆಯದಕ್ಕೆ ಗನ್ನು ಬಡಿಯಿತು, ಬಡಿಯಿತು, ಬಡಿಯುತ್ತಲೇ ಇತ್ತು. ನಟ್ಟು ಮಿಸುಕಲಿಲ್ಲ. ಬ್ಯಾಟರಿ ಬದಲಾಯಿಸಿ ಒತ್ತಿದ. ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು ಒತ್ತಿದ. ಉಹೂಂ. ಅದರ ಪಕ್ಕದ್ದೂ ಹಾಗೆಯೇ, ಉಳಿದವು ಬಂದವು. ಗನ್ನು ಬಿಸಿಯಾಗಿ ತಾನಾಗಿಯೇ ನಿಂತುಬಿಟ್ಟಿತು. ಚಲುವರಾಜು ಬೆವರು ಒರೆಸಿಕೊಂಡು ತಲೆಯೆತ್ತಿ ನೋಡುವಷ್ಟರಲ್ಲಿ ಹೆಂಡತಿ ಕುರ್ಚಿಯಲ್ಲಿರಲಿಲ್ಲ. ಬೇಲಿಯಾಚೆಯಿಂದ ಪೈಪು ಹೆಕ್ಕಿಕೊಂಡು, ಅದನ್ನೇ ಊರುಗೋಲು ಮಾಡಿಕೊಂಡು, ಕುಂಟುತ್ತಾ ಬರುತ್ತಿದ್ದಳು.

"ಮಲ್ಲಿ, ಮಡಗು ಅದ್ನ."

"ಎರಡೇ ನಟ್ಟು ಕಣಯ್ಯ. ಎಡಗಾಲಲ್ಲಿ ನಿಂತ್ಕತೀನಿ ಬುಡು."

"ಮಡಗು ಅಂದ್ನಲ್ಲ."

ಮದುವೆಯಾದಾಗಿನಿಂದ ಅವನು ಅವಳ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಅವಳು ನಿಂತಲ್ಲೇ ನಿಂತಳು. ಆ ದನಿಗೆ ಅವನೇ ಬೆಚ್ಚಿದ್ದ. ಇಷ್ಟು ಆಸೆಯಿಂದ ತಂದದ್ದು ಕೈಕೊಟ್ಟಿತಲ್ಲ, ಇವಳು ಇನ್ನು ಹತ್ತದೆ ಬಿಡುವುದಿಲ್ಲವಲ್ಲ ಎಂದುಕೊಳ್ಳುತ್ತಾ ಗನ್ನನ್ನು ಪೆಟ್ಟಿಗೆಯೊಳಗಿಟ್ಟ. ಸಿದ್ದೇಶ ನಡುವೆ ಬಂದು ಪೈಪು ಇಸಿದುಕೊಂಡ. "ಅಕ್ಕ, ನೀನ್ ಕುಂತ್ಕೊ. ನಾನ್ ಅತ್ತೀನಿ. ನಾನೇನ್ ಗಂಡಸಲ್ವಾ?"

ಗಂಡಸು ಹತ್ತಿದ. ನಿಂತ. ಜಗ್ಗಿಸಿದ. ಕುಣಿದ. ನಟ್ಟು ಹಾಗೆಯೇ ಇತ್ತು. ಕೊನೆಗೆ ಚಲುವರಾಜುವೂ ಹತ್ತಿ ಅವನ ಸೊಂಟ ತಬ್ಬಿಕೊಂಡು ನಿಂತ. ಇಬ್ಬರು ಗಂಡಸರ ಭಾರಕ್ಕೆ ನಟ್ಟು ಕಿರ್ರೆಂದಿತು, ಇಬ್ಬರೂ ಒಟ್ಟಿಗೇ ನೆಲಕ್ಕೆ ಬಿದ್ದರು. ದೇವಿರಮ್ಮ ನಕ್ಕು ನಕ್ಕು ಕಂಬ ಹಿಡಿದುಕೊಂಡಳು.

ಮೈ ಕೊಡವಿಕೊಂಡು ಎದ್ದ ಸಿದ್ದೇಶನ ಮುಖದಲ್ಲಿ ಏನೋ ಗುಮಾನಿ. "ಅಣ್ಣ, ಓದ್ ಸಲ ಇದೇ ಲಾರಿ, ಇದೇ ಚಕ್ರ. ಅಕ್ಕ ಒಬ್ರೇ ನಿಂತಿದ್ಕೆ ಎಲ್ಲಾ ನಟ್ಟೂ ಬಂತಲ್ಲ?"

"ಊಂ ಕಣ್ಲಾ, ಬಂತು."

"ನಾನು ಅರ್ವತ್ತೆರಡು ಕೇಜಿ ಇವ್ನಿ. ಲೈಸೆನ್ಸಿಗೆ ತಪಾಸ್ಣೆ ಮಾಡಿಸ್ದಾಗ ತೂಕ ಆಕಿದ್ರು. ನಂಗೆ ಮಿಸುಕ್ಲಿಲ್ಲ. ಅಕ್ಕನ ತೂಕ ಕೇಳಿ ಲೆಕ್ಕ ಆಕಿ ಗನ್ನು ಕೊಟ್ರು ಅಂದ್ಯಲ್ಲ, ಎಸ್ಟು ಅಂದೆ ಅಂಗ್ಡೀಲಿ?"

"ಅರ್ವತ್ತು."

ಮೂವರೂ ತಿರುಗಿ ಮಲ್ಲಿಗಮ್ಮನನ್ನು ನೋಡಿದರು. ಮಲ್ಲಿಗಮ್ಮ ರಸ್ತೆ ನೋಡಿದಳು. ಒಂದು ಬಸ್ಸು ಹೋಯಿತು, ಒಂದು ಎತ್ತಿನಗಾಡಿ ಹೋಯಿತು. ಮೂವರೂ ನೋಡುತ್ತಲೇ ಇದ್ದರು.

"ಎಂಬತ್ತೆರಡು," ಎಂದಳು ಕೊನೆಗೆ. "ಏನೀಗ? ಡಾಕ್ಟ್ರು ಮನೇಲಿ ಆ ನರ್ಸಮ್ಮ ತೂಕದ ಮಿಸಿನ್ ಮೇಲೆ ಅತ್ತಿಸಿದ್ಲು. ನೀನ್ ಫೋನ್ ಮಾಡ್ದಾಗ ದೇವೀರಿ ಅಂಗ್ಡೀಲಿ ಕುಂತಿದ್ದೆ ಕಣಯ್ಯ. ಬಸ್ಸಿಗೆ ಕಾಯೋರು ಏಳೆಂಟು ಜನ. ಫೋನು ಸ್ಪೀಕರಲ್ಲಿ ಅರಚ್ತಾ ಅದೆ, ತೂಕ ಎಸ್ಟು ತೂಕ ಎಸ್ಟು ಅಂತವ. ಎಲ್ಲರ್ ಮುಂದೆ ಎಂಬತ್ತೆರಡು ಅಂತ ಎಂಗ್ ಏಳ್ಲಿ?"

ಸಿದ್ದೇಶ ಟೈರಿನ ಗುಡ್ಡೆಯ ಹಿಂದಕ್ಕೆ ಹೋಗಿ ನಕ್ಕ. ಚಲುವರಾಜುವಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಬೀಳುವಾಗ ಅವನು ಬಲಗಾಲ ಮೇಲೆಯೇ ಇಳಿದಿದ್ದ. ಒಂದೇ ಸಲ ಬಿದ್ದದ್ದಕ್ಕೆ ಮಂಡಿ ಜುಂ ಎನ್ನುತ್ತಿತ್ತು. ನಟ್ಟು ಬಿಟ್ಟ ತಕ್ಷಣ ಪೈಪು ಕುಸಿಯುತ್ತದೆ, ಮೇಲಿದ್ದವರು ಧಡಕ್ಕನೆ ಒಂದು ಕಾಲಿಗೆ ಇಳಿಯುತ್ತಾರೆ. ಅಷ್ಟು ವರ್ಷವೂ ಅವನು "ಬಂತು" ಎಂದು ಕೂಗಿ ನಟ್ಟಿನ ಕಡೆಗೇ ನೋಡುತ್ತಿದ್ದ. ಅವಳು ಹೇಗೆ ಇಳಿಯುತ್ತಾಳೆಂದು ನೋಡುವ ಹಾಗೇ ಇರಲಿಲ್ಲ, ಅವನ ಮುಖವಿದ್ದದ್ದೇ ಚಕ್ರದೊಳಗೆ. ಲಾರಿಗೆ ಎಷ್ಟು ಚಕ್ರ, ಚಕ್ರಕ್ಕೆ ಎಷ್ಟು ನಟ್ಟು, ದಿನಕ್ಕೆ ಎಷ್ಟು ಲಾರಿ. ಅವನಿಗೆ ಆ ಲೆಕ್ಕ ಹಾಕುವ ಧೈರ್ಯ ಬರಲಿಲ್ಲ. ತಾನು ಉಂಡ ಅನ್ನವೆಲ್ಲ ಈ ಕಾಲ ಮೇಲೆ ನಿಂತು ಬಂದದ್ದು ಎಂದು ಅನ್ನಿಸಿ, ಆ ಹೆಂಗಸಿನ ಮೇಲೆ ಅವನಿಗೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

"ನಾಳಿಕೆ ಇಬ್ರೂ ಮಂಡ್ಯಕ್ಕೆ ಓಗವ," ಎಂದ ಅಷ್ಟೆ.

ರಂಜನಿಯ ಅಂಗಡಿಯಲ್ಲಿ ಚಲುವರಾಜು ಪೆಟ್ಟಿಗೆ ಮುಂದಿಟ್ಟು ತಲೆ ಕೆರೆದುಕೊಂಡ. ಹೇಳುವುದು ಹೇಗೆ ಎಂದು ಅವನು ತಡವರಿಸುತ್ತಿದ್ದರೆ, ಮಲ್ಲಿಗಮ್ಮನೇ ಮುಂದೆ ಬಂದಳು. "ಸುಳ್ ಏಳಿದ್ದು ನಾನು ಕಣವ್ವ. ನಾನು ಎಂಬತ್ತೆರಡು. ನೀವು ಕೊಟ್ಟಿದ್ದು ಅರ್ವತ್ತರ ಗನ್ನು."

ರಂಜನಿ ಈ ಸಲ ಮನಸಾರೆ ನಕ್ಕಳು. "ಬಿಡಿ ಅಮ್ಮ, ತೂಕ ಕೇಳಿದ್ರೆ ನಮ್ಮಮ್ಮನೂ ಹತ್ತು ಕೇಜಿ ಕಳೆದೇ ಹೇಳೋದು. ನಾನು ಅಷ್ಟು ಸೇರಿಸಿ ಲೆಕ್ಕ ಹಾಕ್ಬೇಕಿತ್ತು." ಕೊಟ್ಟ ಮಾತಿನಂತೆ, ಒಂದೂ ಎದುರು ಮಾತಾಡದೆ ಹಳೆಯದನ್ನು ಒಳಗಿಟ್ಟು, ಮುಕ್ಕಾಲು ಇಂಚಿನ ದೊಡ್ಡ ಗನ್ನನ್ನು ಇಳಿಸಿದಳು. ಇಂಥವರು ಇನ್ನೂ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುವುದರಿಂದಲೇ ನಮ್ಮ ಕಡೆ ಕೈಕೆಲಸದವರು ಉಳಿದುಕೊಂಡಿರುವುದು. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಚಲುವರಾಜು ಎರಡು ಕೈಯಲ್ಲಿ ಎತ್ತಿ ಹಿಡಿದ. ಮೂತಿ ಕೆಳಗೆ ವಾಲಿತು. "ತತ್ತಾ ಇಲ್ಲಿ," ಎಂದು ಮಲ್ಲಿಗಮ್ಮ ತೆಗೆದುಕೊಂಡಳು. ಸ್ಟೂಲಿನ ಮೇಲೆ ಕೂತು, ಸೊಂಟಕ್ಕೆ ಒತ್ತಿ ಹಿಡಿದು, ಗುರಿ ಇಡುವ ಹಾಗೆ ಗೋಡೆ ಕಡೆ ತಿರುಗಿಸಿ ಕುದುರೆ ಒತ್ತಿದಳು. ಗನ್ನು ಗುರ್ರೆಂದಿತು. ಅವಳ ಕೈ ಅಲುಗಲಿಲ್ಲ.

"ಅದ್ರೋದೆಲ್ಲ ತೋಳಿಗೆ ಬತ್ತದೆ," ಎಂದಳು. "ಕಾಲಿಗೆ ಬರಾಕಿಲ್ಲ."

"ಅದಕ್ಕೇ ಅಮ್ಮ ಇದನ್ನ ಮಾಡಿರೋದು," ಎಂದಳು ರಂಜನಿ. "ಆದ್ರೆ ಒಂದು ಮಾತು. ಬಿಚ್ಚೋಕೆ ಇದು. ಬಿಗಿಯುವಾಗ ಕೊನೇದನ್ನ ಯಜಮಾನ್ರು ಕೈಯಲ್ಲೇ ಪಾನ ಹಾಕಿ ನೋಡ್ಲಿ. ಗನ್ನಲ್ಲೇ ಮನಸೋ ಇಚ್ಛೆ ಬಿಗಿದ್ರೆ ಬೋಲ್ಟು ತುಂಡಾಗುತ್ತೆ."

"ಇದ್ರ ನಂಬರು ಎಸ್ಟವ್ವ?" ಎಂದು ಚಲುವರಾಜು ಕೇಳಿದ.

ರಂಜನಿ ಕ್ಯಾಲ್ಕುಲೇಟರ್ ಒತ್ತಿ ನೋಡಿ, "ನಿಮ್ಮ ಮನೆಯವರ ಒಂದೂವರೆಯಷ್ಟು," ಎಂದಳು.

"ಇನ್ನರ್ದ ಮಲ್ಲಿಗಮ್ಮನ್ನೂ ನೀನೇ ಸಾಕ್ಬೇಕು ನೋಡು," ಎಂದು ಮಲ್ಲಿಗಮ್ಮ ಗಂಡನ ಕಡೆ ನೋಡಿದಳು.

ಸಿದ್ದೇಶನಿಗೆ ತಡೆಯಲಾಗಲಿಲ್ಲ. ಲಾರಿಯ ಇನ್ನೊಂದು ಮಗ್ಗುಲ ಟೈರು ಸವೆದಿದೆ ಎಂದು ನೆಪ ಮಾಡಿಕೊಂಡು ಮಾರನೆಯ ದಿನವೇ ಬಂದ. ಆ ಚಕ್ರದ ನಟ್ಟುಗಳನ್ನು ಹೆದ್ದಾರಿಯಲ್ಲಿ ಯಾರೋ ಹಾಳು ಬಿಗಿ ಬಿಗಿದಿದ್ದರು. ಚಲುವರಾಜು ಜಾಕಿ ಇಟ್ಟು, ಚಕ್ರದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ. ಕುರ್ಚಿಯಲ್ಲಿ ಕೂತವರ ಮಡಿಲಿಗೂ ಲಾರಿಯ ನಟ್ಟಿಗೂ ಎತ್ತರ ಒಂದೇ ಎಂಬುದು ಆ ಬೆಳಿಗ್ಗೆಯ ತನಕ ಇಬ್ಬರಿಗೂ ಹೊಳೆದಿರಲಿಲ್ಲ. ಮಲ್ಲಿಗಮ್ಮ ಕೂತಳು. ಚಲುವರಾಜು ಸಾಕೆಟ್ಟು ಕೂರಿಸಿ ಸರಿದ. ಅವಳು ಒತ್ತಿದಳು. ಗನ್ನು ನಾಲ್ಕು ಸಲ ಗುದ್ದಿತು, ನಟ್ಟು ಕೈಗೆ ಬಂತು. ಮುಂದಿನದು ಬಂತು. ಅದರ ಮುಂದಿನದೂ ಬಂತು. ಅವಳು ಕೂತೇ ಇದ್ದಳು. ಚಲುವರಾಜು ಅಭ್ಯಾಸಬಲದಿಂದ ಪ್ರತಿ ಸಲವೂ "ಬಂತು" ಎಂದು ಕೂಗುತ್ತಿದ್ದ, ಕೂಗಿದ ಮೇಲೆ ತಿರುಗಿ ಅವಳ ಕಾಲು ನೋಡುತ್ತಿದ್ದ. ಕಾಲು ಇದ್ದಲ್ಲೇ ಇತ್ತು.

ಆ ದಿನ ಲಾರಿಗಳಿಗೆ ಬರವಿರಲಿಲ್ಲ. ಸಿದ್ದೇಶನ ಬಾಯಿ ಎಂದರೆ ರೇಡಿಯೊ, ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯ ಸಾಲಿನಲ್ಲಿ ನಿಂತ ಲಾರಿಯವರಿಗೆಲ್ಲ ವಿಷಯ ಮುಟ್ಟಿತ್ತು. ಎಳನೀರಿನ ಟೆಂಪೊದವನೊಬ್ಬ ಕೆಲಸವಿಲ್ಲದಿದ್ದರೂ ನಿಲ್ಲಿಸಿ ನೋಡಿ, ಅಕ್ಕನಿಗೆ ಒಂದು ಎಳನೀರು ಕೆತ್ತಿಕೊಟ್ಟು ಹೋದ.

ಹೊತ್ತು ಇಳಿಯುತ್ತಾ ಗಾಡಿಗಳು ಕಡಿಮೆಯಾದವು. ಮಲ್ಲಿಗಮ್ಮ ಕುರ್ಚಿಯಲ್ಲೇ ಮೈಮುರಿದು, ಎರಡೂ ಕಾಲು ಮುಂದಕ್ಕೆ ಚಾಚಿ, ಅವುಗಳನ್ನೇ ನೋಡುತ್ತಾ ಕೂತಳು. ಚಲುವರಾಜು ಕೆಳಗೆ ಕೂತು ನಟ್ಟುಗಳಿಗೆ ಗ್ರೀಸು ಹಚ್ಚುತ್ತಿದ್ದ.

"ನೋಡು," ಎಂದಳು ಅವಳು, ಯಾವುದೋ ಹೊಸ ವಿಷಯ ಕಂಡವಳಂತೆ. "ಇವತ್ತು ವತ್ತಾರೆಯಿಂದ ಒಂದ್ ಸಲನೂವೆ ಮಂಡಿ ಗ್ಯಾಪ್ಕ ಬರ್ನಿಲ್ಲ. ನಂಗೆ ಮಂಡಿ ಅಂತ ಒಂದದೆ ಅನ್ನೋದೇ ಮರ್ತೋಗಿತ್ತು. ಎಸ್ಟ್ ಕಾಲ ಆಯ್ತೋ ಇಂಗೆ ಇದ್ದು."

ಚಲುವರಾಜುವಿನ ಕೈ ನಿಂತಿತು. "ಎರಡು ತಿಂಗ್ಳಿಂದ ನೋವು ಅಂದಿದ್ದೆ ನೀನು."

"ಊಂ. ಅಂದಿದ್ದೆ."

"ಯಾವತ್ತಿಂದ ನೋಯ್ತಿತ್ತು? ನಿಜ ಏಳು."

"ಬುಡು ಅತ್ಲಾಗೆ. ಇನ್ಯಾಕೆ ಅದು."

"ಏಳು ಮಲ್ಲಿ."

ಅವಳು ಸೀರೆಯ ಅಂಚಿನಿಂದ ಕೈಗೆ ಮೆತ್ತಿದ್ದ ಮಸಿ ಒರೆಸಿಕೊಂಡಳು. "ದೀಪಿಕ ಉಟ್ಟೋಕ್ ಮುಂಚಿಂದ," ಎಂದಳು ಮೆಲ್ಲಗೆ. "ಏಳಿದ್ರೆ ನೀನು ಅಂಗ್ಡಿ ಮುಚ್ಬುಡ್ತಿದ್ದೆ. ನಿನ್ ಬುದ್ದಿ ನಂಗೊತ್ತಿಲ್ವಾ? ಎಂಗೋ ಸಾಗ್ತಿತ್ತಲ್ಲ."

ಮಗಳಿಗೆ ಈಗ ಮದುವೆಯ ವಯಸ್ಸು. ಅಷ್ಟು ವರ್ಷದಲ್ಲಿ ಒಂದು ದಿನ ಅವಳು ಮುಖ ಹಿಂಡಿದ್ದನ್ನು ಅವನು ಕಂಡಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅವನ ಕಡೆಯವರಲ್ಲಿ ಗಂಡ ಹೆಂಡತಿಗೆ ಉಪಕಾರವಾಯಿತು ಎಂದು ಹೇಳುವ ಪದ್ಧತಿ ಇಲ್ಲ, ಅದಕ್ಕೆ ಬೇಕಾದ ಮಾತು ಅವನ ನಾಲಿಗೆಗೆ ಗೊತ್ತೇ ಇರಲಿಲ್ಲ. "ನಿನ್ ರುಣ ಕಣಮ್ಮಿ," ಎಂದ. ಗ್ರೀಸಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಮಂಡಿಯೂರಿ ಮುಂದೆ ಸರಿದು, ಎರಡೂ ಕೈಯಿಂದ ಅವಳ ಬಲಗಾಲ ಮಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಮಲ್ಲಿಗಮ್ಮ ಗಾಬರಿಯಿಂದ ಕಾಲು ಎಳೆದುಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ.

"ಏನ್ ಮಾಡ್ತಿದ್ದೀಯೆ ನೀನು, ಬುಡು. ದೇವೀರಿ ನೋಡ್ತಾವ್ಳೆ."

"ನೋಡ್ಲಿ ಬುಡು," ಎಂದ ಚಲುವರಾಜು.